ಊರು ಬಿಟ್ಟು ಹೋದವರನ್ನು ಊರಿನ ಜೊತೆ ಇಟ್ಟುಕೊಳ್ಳುವುದು ಹೇಗೆ?

ಮೊದಲು ಶಾಲೆಗೆ ಹೋಗಿ. ನಮ್ಮ ಕಾಸರಗೋಡು ಜಿಲ್ಲೆಯ ಮಂಜೇಶ್ವರ, ಕುಂಬಳೆ, ಬದಿಯಡ್ಕ ಕಡೆಯ ಕನ್ನಡ ಶಾಲೆಗಳಲ್ಲಿ ಕಲಿತು ಬೆಂಗಳೂರಿಗೋ ದುಬೈಗೋ ಹೋದವರು ಈಗ ಏನು ಕೆಲಸ ಮಾಡುತ್ತಾರೆ ಅಂತ ಹಳೆಯ ಮಾಷ್ಟ್ರ ಹತ್ತಿರ ಕೂತು ಪಟ್ಟಿ ಬರೆದುಕೊಳ್ಳಿ. ವಾಟ್ಸಾಪ್ ಗ್ರೂಪ್ ಆಮೇಲೆ ಸಾಕು.

ದುಡ್ಡು ಕೇಳಬೇಡಿ. ಸಮಯ ಕೇಳಿ, ಅದೂ ಸಣ್ಣ ಕೆಲಸಕ್ಕೆ. 1956ರಿಂದ ನಾವು ಕೇರಳದಲ್ಲಿದ್ದೇವೆ, ಎಷ್ಟೋ ಕಾಗದಪತ್ರ ಮಲಯಾಳದಲ್ಲೇ ಬರುತ್ತವೆ. ಎರಡೂ ಭಾಷೆ ಬಲ್ಲವರು ಅದರ ಫೋಟೋ ನೋಡಿ, ಏನು ಬರೆದಿದೆ ಅಂತ ಕನ್ನಡದಲ್ಲಿ ಹೇಳಿದರೂ ಅಜ್ಜಿಯೊಬ್ಬರಿಗೆ ಎಷ್ಟು ಧೈರ್ಯ! ನರ್ಸ್, ಇಂಜಿನಿಯರ್ ಆದವರು ಭಾನುವಾರ ಅರ್ಧ ಗಂಟೆ ಹತ್ತನೇ ಕ್ಲಾಸಿನ ಮಕ್ಕಳ ಜೊತೆ ವಿಡಿಯೋ ಕಾಲ್‌ನಲ್ಲಿ ಮಾತಾಡಲಿ.

ಭೂತಕೋಲಕ್ಕೋ ಜಾತ್ರೆಗೋ ಹೇಗೂ ಬರುತ್ತಾರೆ ಅಲ್ವಾ, ಆ ವಾರವೇ ಶಾಲೆಯಲ್ಲಿ ಒಂದು ಬೆಳಗ್ಗೆ ಸೇರಿಸಿ. ಅವರು ಮಾಡಿದ ಕೆಲಸದಿಂದ ಏನಾಯಿತು ಅಂತ ತಪ್ಪದೆ ತಿಳಿಸಿ.