ಬಿಎಫ್‌ಸಿ ‘ಬಿ’ ತಂಡದ ಮ್ಯಾಚ್ ನೋಡುವುದು ಹೇಗೆ?

ಕಂಠೀರವದಲ್ಲಿ ಬೆಂಗಳೂರು ಎಫ್‌ಸಿ ಮ್ಯಾಚ್ ನೋಡಲು ಯಾರೂ ಹೇಳಿಕೊಡಬೇಕಿಲ್ಲ. ಟಿಕೆಟ್ ತಗೊಂಡು ಒಳಗೆ ಹೋದರೆ ಸಾಕು. ಅಭಿಮಾನಿಗಳ ಗುಂಪು ವೆಸ್ಟ್ ಬ್ಲಾಕ್ ಬ್ಲೂಸ್‌ನವರು ಹಾಡು ಶುರು ಮಾಡುತ್ತಾರೆ, ಉಳಿದದ್ದು ತಾನಾಗೇ ಆಗುತ್ತದೆ. ಅದೇ ಕ್ಲಬ್ಬಿನ ರಿಸರ್ವ್ ತಂಡದ, ಅಂದರೆ ಎಳೆ ಹುಡುಗರ ‘ಬಿ’ ತಂಡದ ಮ್ಯಾಚ್‌ಗೆ ಹೋದರೆ ಹಾಡೂ ಇಲ್ಲ, ದೊಡ್ಡ ಸ್ಕ್ರೀನೂ ಇಲ್ಲ, ಗೊತ್ತಿರುವ ಮುಖವೂ ಇಲ್ಲ. ಮೊದಲ ಸಲ ಬಂದವರು ಹಾಫ್ ಟೈಮ್‌ಗೇ ಎದ್ದು ಗರುಡಾ ಮಾಲ್ ಕಡೆ ಹೊರಟುಬಿಡುತ್ತಾರೆ. ಅಂಥವರನ್ನು ಪೂರ್ತಿ 90 ನಿಮಿಷ ಕೂರಿಸುವುದು ಹೇಗೆ ಅಂತ ನನಗೆ ಸ್ವಲ್ಪ ಗೊತ್ತು.

ನಾನು ರಿಚ್ಮಂಡ್ ಟೌನ್‌ನ ಒಂದು ಸಣ್ಣ ಆಫೀಸಿನಲ್ಲಿ ಲೆಕ್ಕ ಬರೆಯುವವಳು. ತಿಂಗಳ 20ನೇ ತಾರೀಖಿನ ಜಿಎಸ್‌ಟಿ ಗಲಾಟೆ ಮುಗಿದ ಮೇಲೆ ಒಂದೊಂದು ಮಧ್ಯಾಹ್ನ ಸಿಗುತ್ತದೆ. ಆಗ ಅಶೋಕನಗರದ ಬೆಂಗಳೂರು ಫುಟ್‌ಬಾಲ್ ಸ್ಟೇಡಿಯಂಗೆ ನಡೆದುಕೊಂಡು ಹೋಗುತ್ತೇನೆ.

ಹೋಗುವ ಮೊದಲು ಹುಡುಗರು ಯಾರು ಅಂತ ತಿಳಿದಿರಲಿ. ಬೆಂಗಳೂರು ಎಫ್‌ಸಿ ಹುಟ್ಟಿದ್ದು 2013ರಲ್ಲಿ. ನಾಲ್ಕು ವರ್ಷ ರಾಷ್ಟ್ರಮಟ್ಟದ ಐ-ಲೀಗ್ ಆಡಿ, ಅದರಲ್ಲಿ ಎರಡು ಸಲ ಗೆದ್ದು, 2017ರಲ್ಲಿ ಇಂಡಿಯನ್ ಸೂಪರ್ ಲೀಗ್‌ಗೆ, ಅಂದರೆ ಐಎಸ್‌ಎಲ್‌ಗೆ ಬಂತು. ರಿಸರ್ವ್ ತಂಡ ಕಟ್ಟಿದ್ದೂ ಆಗಲೇ. ಕೋಚ್ ಆಗಿ ಬಂದವರು ನೌಷಾದ್ ಮೂಸಾ. ಕ್ಲಬ್ಬಿನ ರೆಸಿಡೆನ್ಷಿಯಲ್ ಅಕಾಡೆಮಿ ಇರುವುದು ಬೆಂಗಳೂರಿನಲ್ಲಲ್ಲ, ಬಳ್ಳಾರಿ ಕಡೆ, ತೋರಣಗಲ್ಲಿನ ಹತ್ತಿರ ಜೆಎಸ್‌ಡಬ್ಲ್ಯೂ ಕಾರ್ಖಾನೆಯ ಟೌನ್‌ಶಿಪ್‌ನಲ್ಲಿ. ಅಲ್ಲಿ ಬೆಳೆದವರು, ಮಣಿಪುರ, ಮಿಜೋರಾಂನಿಂದ ಬಂದವರು, ಕೇರಳ, ತಮಿಳುನಾಡಿನವರು, ನಮ್ಮ ಊರಿನ ಮೈದಾನಗಳಲ್ಲಿ ಆಡಿ ಬಂದವರು, ಹೀಗೆ ಎಲ್ಲ ಸೇರಿ ಒಂದು ತಂಡ. ಇನ್ನೊಂದು ವಿಷಯ ನನಗೆ ತುಂಬಾ ಇಷ್ಟ. ಈಗ ‘ಬಿ’ ತಂಡ ಆಡುವ ಅಶೋಕನಗರದ ಮೈದಾನದಲ್ಲೇ ಕ್ಲಬ್ಬು ತನ್ನ ಮೊಟ್ಟಮೊದಲ ಐ-ಲೀಗ್ ಮ್ಯಾಚ್ ಆಡಿದ್ದು. 2013ರ ಸೆಪ್ಟೆಂಬರ್ 22, ಮೋಹನ್ ಬಾಗಾನ್ ವಿರುದ್ಧ 1-1. ಕಂಠೀರವಕ್ಕೆ ಹೋದದ್ದು ಆಮೇಲೆ.

ಯಾವ ಮ್ಯಾಚ್‌ಗೆ ಹೋಗಬೇಕು? ಈ ಹುಡುಗರು ಮುಖ್ಯವಾಗಿ ಎರಡು ಕಡೆ ಆಡುತ್ತಾರೆ. ಒಂದು, ಬೆಂಗಳೂರು ಜಿಲ್ಲಾ ಫುಟ್‌ಬಾಲ್ ಸಂಸ್ಥೆಯ ಸೂಪರ್ ಡಿವಿಷನ್ ಲೀಗ್. ಇನ್ನೊಂದು ರಿಲಯನ್ಸ್ ಫೌಂಡೇಷನ್ ಡೆವಲಪ್‌ಮೆಂಟ್ ಲೀಗ್, ಅಂದರೆ ಆರ್‌ಎಫ್‌ಡಿಎಲ್. ಇದು ಶುರುವಾದದ್ದು 2022ರಲ್ಲಿ. ಮೊದಲ ವರ್ಷ ಗೋವಾದಲ್ಲಿ ನಡೆದಾಗ ಗೆದ್ದದ್ದು ಬಿಎಫ್‌ಸಿ ಹುಡುಗರೇ, 2023ರಲ್ಲಿ ಮತ್ತೆ ಅವರೇ. ಮೊದಲ ಸಲ ಗೆದ್ದದ್ದಕ್ಕೆ ಇಂಗ್ಲೆಂಡಿಗೆ ಹೋಗಿ ಅಲ್ಲಿನ ಪ್ರೀಮಿಯರ್ ಲೀಗ್ ಕ್ಲಬ್ಬುಗಳ ಅಕಾಡೆಮಿ ತಂಡಗಳ ಜೊತೆ ಆಡಿ ಬಂದರು.

ಪೇಪರಿನಲ್ಲಿ ಆರ್‌ಎಫ್‌ಡಿಎಲ್ ದೊಡ್ಡದಾಗಿ ಕಾಣುತ್ತದೆ. ಆದರೆ ನನ್ನನ್ನು ಕೇಳಿದರೆ ಸೂಪರ್ ಡಿವಿಷನ್‌ಗೇ ಹೋಗಿ. ಆರ್‌ಎಫ್‌ಡಿಎಲ್‌ನಲ್ಲಿ ಎದುರಿಗೆ ಇರುವವರೂ ಹೆಚ್ಚಾಗಿ 21ರೊಳಗಿನವರು. ಸೂಪರ್ ಡಿವಿಷನ್‌ನಲ್ಲಿ ಎಎಸ್‌ಸಿ, ಎಂಇಜಿ ಥರದ ಸೇನೆಯ ತಂಡಗಳು, ಎಚ್‌ಎಎಲ್ ಥರದ ಕಾರ್ಖಾನೆ ತಂಡಗಳು, ಕಿಕ್‌ಸ್ಟಾರ್ಟ್, ಎಫ್‌ಸಿ ಬೆಂಗಳೂರು ಯುನೈಟೆಡ್ ಥರದ ಹೊಸ ಕ್ಲಬ್ಬುಗಳು ಆಡಿಕೊಂಡು ಬಂದಿವೆ. ಯಾರ್ಯಾರು ಇರುತ್ತಾರೆ ಅನ್ನುವುದು ಸೀಸನ್‌ನಿಂದ ಸೀಸನ್‌ಗೆ ಬದಲಾಗುತ್ತದೆ. ಆದರೆ ಹದಿನೆಂಟರ ಹುಡುಗ ಮೂವತ್ತು ದಾಟಿದ ಸೈನಿಕ ಸ್ಟಾಪರ್ (ಡಿಫೆನ್ಸಿನ ಮಧ್ಯದಲ್ಲಿ ಆಡುವವನು) ಎದುರು ನಿಲ್ಲುವುದು ಇಲ್ಲಿ ಮಾತ್ರ. ಮೊದಲ ಹತ್ತು ನಿಮಿಷದಲ್ಲೇ ಆ ಸ್ಟಾಪರ್ ಹುಡುಗನಿಗೆ ಒಂದು ಸಲ ಭುಜ ಕೊಟ್ಟಿರುತ್ತಾನೆ. ಆಮೇಲೆ ಆ ಹುಡುಗ ಮತ್ತೆ ಅದೇ ಜಾಗಕ್ಕೆ ಓಡುತ್ತಾನಾ, ಇಲ್ಲ ಸುಮ್ನೆ ಸೈಡಿಗೆ ಸರಿದು ಬಾಲ್ ಕೇಳುತ್ತಾನಾ? ಅವನ ಬಗ್ಗೆ ಅರ್ಧ ವಿಷಯ ಅಲ್ಲೇ ಗೊತ್ತಾಗುತ್ತದೆ.

ಮ್ಯಾಚ್ ಯಾವಾಗ ಅನ್ನುವುದನ್ನು ಹಿಂದಿನ ದಿನ ಮತ್ತೊಮ್ಮೆ ನೋಡಿಕೊಳ್ಳಿ. ರಾಜ್ಯ ಫುಟ್‌ಬಾಲ್ ಸಂಸ್ಥೆಯ ಸೋಷಿಯಲ್ ಮೀಡಿಯಾ ಪುಟ, ಕ್ಲಬ್ಬಿನ ಪುಟ, ಎರಡನ್ನೂ ನೋಡಿ. ವಾರದ ಮಧ್ಯೆ, ಮಧ್ಯಾಹ್ನದ ಮ್ಯಾಚ್‌ಗಳೇ ಜಾಸ್ತಿ. ಮೆಟ್ರೊದಲ್ಲಿ ಬರುವವರು ಎಂ.ಜಿ. ರೋಡ್‌ನಲ್ಲಿ ಇಳಿದು ಬ್ರಿಗೇಡ್ ರೋಡ್ ಹಿಡಿದು ನಡೆದರೆ ಆಯಿತು, ಗರುಡಾ ಮಾಲ್ ಕಂಡರೆ ಸ್ಟೇಡಿಯಂ ಬಂದಂತೆಯೇ. ಪಾರ್ಕಿಂಗ್ ಯೋಚನೆ ಬಿಡಿ. ನಾನು ಹೋದಾಗೆಲ್ಲ ಗೇಟಿನಲ್ಲಿ ಟಿಕೆಟ್ ಕೇಳಿದವರಿಲ್ಲ. ಟೋಪಿ, ನೀರು, ಕೂರಲು ಒಂದು ಹಳೇ ದಿನಪತ್ರಿಕೆ ಇರಲಿ. ಮಧ್ಯಾಹ್ನದ ಕಾಂಕ್ರೀಟ್ ಮೆಟ್ಟಿಲು ಎಷ್ಟು ಕಾದಿರುತ್ತದೆ ಅಂತ ಹೇಳಬೇಕಿಲ್ಲ ಅಲ್ವಾ?

ಕೂರುವುದು ಎಲ್ಲಿ? ಮಧ್ಯದಲ್ಲಿ, ಮೇಲೆ ಕೂತರೆ ಆಟದ ಆಕಾರ ಕಾಣುತ್ತದೆ. ಆದರೆ ರಿಸರ್ವ್ ಮ್ಯಾಚ್‌ಗೆ ನಾನು ಕೆಳಗೆ, ಟಚ್‌ಲೈನ್ ಹತ್ತಿರ, ಕೋಚ್‌ಗಳ ಬೆಂಚಿನ ಕಡೆಗೇ ಕೂರುತ್ತೇನೆ. ಇದಕ್ಕೆ ಕಾರಣ ಕಿವಿ. ಕಂಠೀರವದಲ್ಲಿ ಆಟಗಾರರ ಮಾತು ಒಂದೂ ಕೇಳುವುದಿಲ್ಲ. ಇಲ್ಲಿ ಎಲ್ಲ ಕೇಳುತ್ತದೆ. “ಮ್ಯಾನ್ ಆನ್!” (ಎದುರಾಳಿ ಹತ್ತಿರ ಬಂದ ಅಂತ), “ಟೈಮ್ ಹೈ, ಟೈಮ್ ಹೈ!”, “ಲೆಫ್ಟ್ ಶೋಲ್ಡರ್!”, ನಡುವೆ ಮಣಿಪುರಿಯಲ್ಲಿ ಏನೋ ಒಂದು, ಎದುರು ತಂಡದಿಂದ “ಬಿಡಬೇಡ್ವೋ ಅವನ್ನ!” ಅಂತ ಅಪ್ಪಟ ಬೆಂಗಳೂರು ಕನ್ನಡ. ಯಾರು ಮಾತಾಡುತ್ತಾರೆ, ಯಾರು ಬಾಯಿ ಮುಚ್ಚಿಕೊಂಡೇ ಆಡುತ್ತಾರೆ ಅಂತ ಗಮನಿಸಿ. ಹಿಂದಿನಿಂದ ಇಡೀ ಲೈನನ್ನು ಕೂಗಿ ಕೂಗಿ ನಡೆಸುವ ಸೆಂಟರ್ ಬ್ಯಾಕ್ ಹತ್ತೊಂಬತ್ತರ ವಯಸ್ಸಿನಲ್ಲಿ ಸಿಗುವುದು ಅಪರೂಪ. ಸಿಕ್ಕರೆ ಅವನ ನಂಬರ್ ಬರೆದುಕೊಳ್ಳಿ.

ನಂಬರ್ ಅಂದೆ. ಅದಕ್ಕೆ ಕಾರಣ ಇದೆ. ಲೋಕಲ್ ಲೀಗಿನಲ್ಲಿ ಬೆನ್ನ ಮೇಲೆ ಹೆಸರು ಇದ್ದೇ ಇರುತ್ತದೆ ಅಂತ ನಂಬಿ ಕೂರಬೇಡಿ. ಮ್ಯಾಚ್‌ಗೆ ಮುಂಚೆ ಟೀಮ್ ಲಿಸ್ಟ್ ಫೋಟೋ ಬಂದಿದ್ದರೆ ಫೋನಿನಲ್ಲಿ ಉಳಿಸಿಕೊಳ್ಳಿ. ಇನ್ನೊಂದು ಲೀಗಿಗೆ ಹೋದಾಗ ಅದೇ ಹುಡುಗನ ನಂಬರ್ ಬದಲಾಗಿರಬಹುದು. ಹಾಗಾಗಿ ಹೆಸರು, ನಂಬರ್, ಯಾವ ಕಾಲು, ಈ ಮೂರನ್ನೂ ಒಟ್ಟಿಗೆ ಬರೆದಿಡುವುದು ಒಳ್ಳೆಯದು.

ಈಗ ಮುಖ್ಯ ವಿಷಯ. ಬಾಲ್ ನೋಡಬೇಡಿ. ಒಬ್ಬನನ್ನು ಹಿಡಿಯಿರಿ, ಹದಿನೈದು ನಿಮಿಷ ಅವನನ್ನೇ ನೋಡಿ. ಬಾಲ್ ದೂರ ಇರುವಾಗ ಅವನ ತಲೆ ಎಷ್ಟು ಸಲ ತಿರುಗುತ್ತದೆ ಅಂತ ಲೆಕ್ಕ ಹಾಕಿ. ಬಾಲ್ ಬರುವ ಮೊದಲೇ ಎರಡೂ ಭುಜದ ಮೇಲಿಂದ ಹಿಂದೆ ನೋಡಿದವನು ಬಾಲ್ ಸಿಕ್ಕ ಕೂಡಲೇ ತಿರುಗುತ್ತಾನೆ. ನೋಡದವನು ಬಂದ ಕಡೆಗೇ ವಾಪಸ್ ತಳ್ಳುತ್ತಾನೆ. ಇನ್ನೊಂದು, ಮೊದಲ ಟಚ್. ಅಲ್ಲಿರುವುದು ಕೃತಕ ಹುಲ್ಲು. ಬಾಲ್ ಬಿದ್ದ ಕಡೆ ಸಾಸಿವೆಯಂಥ ಕಪ್ಪು ರಬ್ಬರ್ ಕಾಳು ಚಿಮ್ಮುತ್ತದೆ, ಹತ್ತಿರ ಕೂತರೆ ಚೆನ್ನಾಗಿ ಕಾಣುತ್ತದೆ. ಒಳ್ಳೆ ಟಚ್ ಇರುವವನು ಬಾಲ್ ಪುಟಿಯುವ ಮೊದಲೇ ಕಾಲೊಳಗೆ ತಗೊಳ್ಳುತ್ತಾನೆ. ಇಲ್ಲದಿದ್ದರೆ ಕಾಳು ಹಾರಿ, ಬಾಲ್ ಮೊಣಕಾಲಿಗೆ ಬಂದು, ಅಷ್ಟರಲ್ಲಿ ಎದುರಿನವನು ಮೈಮೇಲೆ ಬಂದಿರುತ್ತಾನೆ.

ಯಾರನ್ನು ಹಿಡಿಯಬೇಕು ಅಂತ ತೋಚದಿದ್ದರೆ ಫುಲ್‌ಬ್ಯಾಕ್‌ನನ್ನು, ಅಂದರೆ ಡಿಫೆನ್ಸಿನ ಬದಿಯಲ್ಲಿ ಆಡುವವನನ್ನು ನೋಡಿ. ಗೋಲ್ ಹೊಡೆಯುವವನನ್ನು ಎಲ್ಲರೂ ನೋಡುತ್ತಾರೆ. ರೋಷನ್ ಸಿಂಗ್ ನಾವೋರೆಂ ಈ ‘ಬಿ’ ತಂಡದಲ್ಲೇ ಆಡಿದವನು, ಮೂಲತಃ ವಿಂಗರ್, ಅಂದರೆ ಮುಂದೆ, ಬದಿಯಲ್ಲಿ ಆಡುವವನು. ಹಿರಿಯರ ತಂಡದಲ್ಲಿ ಜಾಗ ಸಿಕ್ಕಿದ್ದು ಲೆಫ್ಟ್ ಬ್ಯಾಕ್ ಆಗಿ. 2021-22ರ ಐಎಸ್‌ಎಲ್‌ನಲ್ಲಿ ಎಮರ್ಜಿಂಗ್ ಪ್ಲೇಯರ್ ಪ್ರಶಸ್ತಿ ಅವನಿಗೇ ಬಂತು. ಹಾಗಾಗಿ ‘ಬಿ’ ತಂಡದಲ್ಲಿ ಒಬ್ಬ ವಿಂಗರ್ ಇದ್ದಕ್ಕಿದ್ದಂತೆ ಹಿಂದೆ ಆಡುತ್ತಿದ್ದರೆ, ಆಟಗಾರರ ಕೊರತೆ ಅಂತ ತಕ್ಷಣ ತೀರ್ಮಾನ ಮಾಡಬೇಡಿ.

ಸ್ಕೋರ್‌ಗೆ ಜಾಸ್ತಿ ಬೆಲೆ ಕೊಡಬೇಡಿ. ಗೆಲ್ಲುವುದಿಲ್ಲ ಅಂತಲ್ಲ, 2018-19 ಮತ್ತು 2019-20ರಲ್ಲಿ ಸೂಪರ್ ಡಿವಿಷನ್ ಗೆದ್ದದ್ದು ಇವರೇ. ಆದರೆ ಗೆದ್ದರೂ ಮೇಲಿನ ಲೀಗಿಗೆ ಹೋಗುವ ಹಾಗಿಲ್ಲ. ಆ ಕಾಲದಲ್ಲಿ ಐಎಸ್‌ಎಲ್ ಕ್ಲಬ್ಬುಗಳ ರಿಸರ್ವ್ ತಂಡಗಳು ಐ-ಲೀಗ್ ಸೆಕೆಂಡ್ ಡಿವಿಷನ್ ಕೂಡ ಆಡುತ್ತಿದ್ದವು, ಅಲ್ಲೂ ಅವಕ್ಕೆ ಪ್ರಮೋಷನ್ ಇರಲಿಲ್ಲ. ಇಲ್ಲಿ ಪ್ರಮೋಷನ್ ಆಗುವುದು ತಂಡಕ್ಕಲ್ಲ, ಒಬ್ಬೊಬ್ಬ ಹುಡುಗನಿಗೆ. ಒಳ್ಳೆಯವನನ್ನು ಹಿರಿಯರ ತಂಡ ಎತ್ತಿಕೊಂಡು ಹೋದರೆ ಮುಂದಿನ ವಾರ ‘ಬಿ’ ತಂಡ ಸೋಲಬಹುದು. ಗಾಯ ವಾಸಿ ಮಾಡಿಕೊಂಡ ಹಿರಿಯ ಆಟಗಾರ ಒಂದು ದಿನ ಬಂದು ಆಡಿದರೆ ಗೆಲ್ಲಬಹುದು. ಎರಡರಿಂದಲೂ ಹುಡುಗರ ಬಗ್ಗೆ ಏನೂ ತಿಳಿಯುವುದಿಲ್ಲ.

ನೋಡಿದ ಮೇಲೆ ಹಿಂಬಾಲಿಸಬೇಕು, ನಿಜವಾದ ಮಜಾ ಅಲ್ಲಿದೆ. ಶಿವಶಕ್ತಿ ನಾರಾಯಣನ್‌ನ 2022ನೇ ಇಸವಿ ತಗೊಳ್ಳಿ. ಬೇಸಿಗೆಯಲ್ಲಿ ಗೋವಾದಲ್ಲಿ ರಿಸರ್ವ್ ಹುಡುಗರ ಜೊತೆ ಆರ್‌ಎಫ್‌ಡಿಎಲ್. ಸೆಪ್ಟೆಂಬರ್ 18ಕ್ಕೆ ಕೋಲ್ಕತ್ತದ ಸಾಲ್ಟ್ ಲೇಕ್‌ನಲ್ಲಿ ಡ್ಯುರಾಂಡ್ ಕಪ್ ಫೈನಲ್, ಮುಂಬೈ ಸಿಟಿ ವಿರುದ್ಧ ಬಿಎಫ್‌ಸಿ 2-1ರಲ್ಲಿ ಗೆದ್ದಾಗ ಮೊದಲ ಗೋಲ್ ಅವನದು. ಆ ಸೀಸನ್ ಮುಗಿಯುವಾಗ ಐಎಸ್‌ಎಲ್‌ನ ಎಮರ್ಜಿಂಗ್ ಪ್ಲೇಯರ್. ಒಂದು ವರ್ಷವೂ ಆಗಿರಲಿಲ್ಲ! ಇನ್ನೊಬ್ಬ ವಿನೀತ್ ವೆಂಕಟೇಶ್. 2024ರ ಸೆಪ್ಟೆಂಬರ್ 14ರಂದು ಕಂಠೀರವದಲ್ಲಿ ಈಸ್ಟ್ ಬೆಂಗಾಲ್ ವಿರುದ್ಧ 1-0 ಗೆದ್ದಾಗ ಆ ಒಂದು ಗೋಲ್ ಈ ಹತ್ತೊಂಬತ್ತರ ಹುಡುಗನದು. ‘ಯಾರಿವನು?’ ಅಂತ ಅಕ್ಕಪಕ್ಕದವರು ಫೋನ್ ತಡಕುವಾಗ, ಅಶೋಕನಗರಕ್ಕೆ ಬಂದವರಿಗೆ ಸ್ವಲ್ಪ ಜಂಬ ಬಂದರೆ ತಪ್ಪೇನಿಲ್ಲ.

ಎಲ್ಲರೂ ಮೇಲೆ ಹೋಗುವುದಿಲ್ಲ, ಇದನ್ನೂ ತಿಳಿದಿರಿ. ಜಾಸ್ತಿ ಹುಡುಗರು ಎರಡು ಮೂರು ಸೀಸನ್ ಆಡಿ ಬೇರೆ ಕ್ಲಬ್ಬಿಗೆ ಹೋಗುತ್ತಾರೆ. ಕೆಲವರು ನಿಮ್ಮ ಪುಸ್ತಕದಲ್ಲಿ ಬರೀ ಒಂದು ನಂಬರ್ ಆಗಿ ಉಳಿಯುತ್ತಾರೆ. ಹೆಸರು ಅಳಿಸಬೇಡಿ. ಮುಂದಿನ ವರ್ಷ ಎದುರು ತಂಡದ ಜೆರ್ಸಿಯಲ್ಲಿ ಅದೇ ಮೈದಾನಕ್ಕೆ ಬರುವವರೂ ಇರುತ್ತಾರೆ. ತಮ್ಮನ್ನು ಬಿಟ್ಟ ಕ್ಲಬ್ಬಿನ ವಿರುದ್ಧ ಅವರು ಓಡುವ ಓಟವೇ ಬೇರೆ.

ಊರಿನಿಂದ ದೂರ ಇದ್ದೀರಾ? ಆರ್‌ಎಫ್‌ಡಿಎಲ್ ಮ್ಯಾಚ್‌ಗಳು ಯೂಟ್ಯೂಬಿನಲ್ಲಿ ಸಿಗುತ್ತವೆ, ಅಲ್ಲಿಂದ ಶುರು ಮಾಡಿ. ಕ್ಯಾಮೆರಾ ಬಾಲ್ ಹಿಂದೆಯೇ ಓಡುವುದರಿಂದ ಒಬ್ಬನನ್ನೇ ನೋಡುವುದು ಕಷ್ಟ. ಗೋಲ್ ಕಿಕ್, ಥ್ರೋ-ಇನ್ ಬಂದಾಗ ಮಾತ್ರ ಎಲ್ಲರೂ ಫ್ರೇಮಿನಲ್ಲಿ ಕಾಣುತ್ತಾರೆ. ಅಲ್ಲಿ ಒಂದು ಕ್ಷಣ ನಿಲ್ಲಿಸಿ, ನಿಮ್ಮ ಹುಡುಗ ಎಲ್ಲಿ ನಿಂತಿದ್ದಾನೆ ನೋಡಿ, ಮತ್ತೆ ಬಿಡಿ.