ಅಲಾಯ್ ಚಕ್ರಕ್ಕೆ ಹಿಡಿದ ಬ್ರೇಕ್ ಕಿಟ್ಟವನ್ನು ಬಿಡಿಸುವ ಬಗೆ

ಕೊಟ್ಟಿಗೆಹಾರದಿಂದ ಚಾರ್ಮಾಡಿ ಘಾಟಿ ಇಳಿದು ಧರ್ಮಸ್ಥಳಕ್ಕೆ ಹೋಗಿಬಂದ ಕಾರನ್ನು ಮರುದಿನ ಬೆಳಗಿನ ಬೆಳಕಿನಲ್ಲಿ ನೋಡಿದರೆ, ಬೆಳ್ಳಿಯಂತಿದ್ದ ಮುಂದಿನ ಚಕ್ರಗಳೆರಡಕ್ಕೂ ದೀಪದ ಕಾಡಿಗೆ ಬಳಿದಂತೆ ಕಪ್ಪು ಹಿಡಿದಿರುತ್ತದೆ. ಚಿಕ್ಕಮಗಳೂರಿನ ನಮ್ಮಂಥವರು ಅದನ್ನೂ ತೋಟದ ದಾರಿಯ ಕೆಮ್ಮಣ್ಣಿನ ಜೊತೆಗೆ ಸೇರಿಸಿ, ಪೈಪಿನಲ್ಲಿ ನೀರು ಬಿಟ್ಟು ಸುಮ್ಮನಾಗುತ್ತೇವೆ. ಕೆಮ್ಮಣ್ಣು ಹರಿದು ಹೋಗುತ್ತದೆ, ಕಪ್ಪು ಮಾತ್ರ ಹಾಗೆಯೇ ಉಳಿಯುತ್ತದೆ. ಏಕೆಂದರೆ ಅದು ಮಣ್ಣಲ್ಲ, ಕಬ್ಬಿಣ.

ಬ್ರೇಕ್ ಒತ್ತಿದಾಗ ಪ್ಯಾಡುಗಳು ಎರಕದ ಕಬ್ಬಿಣದ ಡಿಸ್ಕನ್ನು ಹಿಡಿದು ಉಜ್ಜುತ್ತವೆ, ಆ ಉಜ್ಜಾಟದಲ್ಲಿ ಎರಡೂ ಸವೆಯುತ್ತವೆ. ಹಾಗೆ ಸವೆದು ಹಾರುವ ಸಣ್ಣ ಕಣಗಳು ಬಿಸಿಯಾಗಿರುವುದರಿಂದ ರಿಮ್ಮಿನ ಮೇಲಿನ ಪಾರದರ್ಶಕ ವಾರ್ನಿಷಿನಲ್ಲಿ ಕಚ್ಚಿಕೊಳ್ಳುತ್ತವೆ. ಮೇಲೆ ಮಂಜು, ಮಳೆ ಬಿದ್ದರೆ ತುಕ್ಕು ಹಿಡಿದು, ಕಂದು ಚುಕ್ಕೆಗಳಾಗಿ ಇನ್ನಷ್ಟು ಗಟ್ಟಿಯಾಗುತ್ತವೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಒಣಗುವ ಮಾತೇ ಇಲ್ಲದ ನಮ್ಮ ಮಲೆನಾಡಿನಲ್ಲಿ ಇದು ಬೇಗ ಆಗುತ್ತದೆ. ಬ್ರೇಕ್ ಹಾಕಿದಾಗ ಗಾಡಿಯ ಭಾರವೆಲ್ಲ ಮುಂದಕ್ಕೆ ವಾಲುವುದರಿಂದ ಮುಂದಿನ ಚಕ್ರಗಳಿಗೆ ಕೆಲಸ ಹೆಚ್ಚು, ಕಿಟ್ಟವೂ ಹೆಚ್ಚು. ಸಾಧಾರಣ ಸಂಸಾರದ ಕಾರುಗಳಿಗೆ ಹಿಂದೆ ಡ್ರಮ್ ಬ್ರೇಕ್ ಇರುವುದರಿಂದ ಅಲ್ಲಿಯ ಪುಡಿ ಬಹುಪಾಲು ಡ್ರಮ್ಮಿನೊಳಗೇ ಉಳಿಯುತ್ತದೆ.

ಕಬ್ಬಿಣವೆಂದು ತಿಳಿದ ಮೇಲೆ, ತಿಕ್ಕಿ ತೆಗೆಯುವ ಆಲೋಚನೆಯನ್ನು ಬಿಡಬೇಕು. ಅಡುಗೆಮನೆಯ ಅಭ್ಯಾಸ ಇಲ್ಲಿ ನಮ್ಮನ್ನು ದಾರಿ ತಪ್ಪಿಸುತ್ತದೆ. ಹುಣಸೆಹಣ್ಣು ಹಚ್ಚಿ ತಿಕ್ಕಿದರೆ ಹಿತ್ತಾಳೆ ಬೆಳಗುತ್ತದೆ, ನಿಜ. ಆದರೆ ಅಲಾಯ್ ಎಂದರೆ ಅಲ್ಯೂಮಿನಿಯಂ. ಹುಣಸೆ, ನಿಂಬೆ, ವಾಷಿಂಗ್ ಸೋಡಾ, ಇವೆಲ್ಲವೂ ವಾರ್ನಿಷ್ ಬಿರಿದ ಕಡೆ ಅದನ್ನು ಮಂಕು ಮಾಡುತ್ತವೆ. ತೆಂಗಿನ ನಾರು, ಪಾತ್ರೆ ಉಜ್ಜುವ ಉಕ್ಕಿನ ಜುಂಗು ಗೀರು ಬೀಳಿಸುತ್ತವೆ, ಮುಂದಿನ ಕಿಟ್ಟ ಕೂರುವುದಕ್ಕೆ ಆ ಗೀರುಗಳೇ ಆಸರೆಯಾಗುತ್ತವೆ. ಕೆಲವು ವರ್ಷಗಳ ಹಿಂದೆ ಕಾರು ತೊಳೆಸಲು ಕೊಟ್ಟ ಒಂದು ಕಡೆ ಹುಡುಗನೊಬ್ಬ ಕಕ್ಕಸು ತೊಳೆಯುವ ಆಸಿಡ್ಡನ್ನೇ ರಿಮ್ಮಿಗೆ ಎರಚಿದ. ಕಪ್ಪೇನೋ ಕ್ಷಣದಲ್ಲಿ ಹೋಯಿತು, ಒಂದು ವಾರದೊಳಗೆ ನಾಲ್ಕೂ ಚಕ್ರಗಳಲ್ಲಿ ಬಿಳಿ ತೊನ್ನಿನಂತೆ ಮಚ್ಚೆಗಳು ಎದ್ದವು. ಅಂದಿನಿಂದ ಚಕ್ರಗಳನ್ನು ನಾನು ಯಾರ ಕೈಗೂ ಬಿಟ್ಟಿಲ್ಲ.

ಕೆಲಸಕ್ಕೆ ಇಳಿಯುವ ಮುನ್ನ ಚಕ್ರ ಪೂರ್ತಿ ತಣ್ಣಗಾಗಿರಬೇಕು, ಕಾರು ನೆರಳಿನಲ್ಲಿರಬೇಕು. ಘಾಟಿ ಇಳಿದು ಬಂದ ಕೂಡಲೇ ಬಿಸಿ ಡಿಸ್ಕಿಗೆ ತಣ್ಣೀರು ಸುರಿದರೆ ಅದು ಸೊಟ್ಟಗಾಗುವ ಭಯವಿದೆ, ಹಚ್ಚಿದ ದ್ರವವೂ ಒಣಗಿ ಕಲೆಯಾಗುತ್ತದೆ. ಒಣ ಪುಡಿಯನ್ನು ಗಾಳಿ ಹೊಡೆದು ಹಾರಿಸಬಾರದು, ಅದು ಪುಪ್ಪುಸಕ್ಕೆ ಒಳ್ಳೆಯದಲ್ಲ. ಮೊದಲು ಚೆನ್ನಾಗಿ ತೋಯಿಸಬೇಕು. ಆಮೇಲೆ ಕಾರಿಗೆಂದೇ ಸಿಗುವ ಸೌಮ್ಯ ಶಾಂಪೂವನ್ನು ನೀರಿಗೆ ಹಾಕಿ, ಮೆತ್ತನೆಯ ಬ್ರಷ್ಷಿನಿಂದ ಮಣ್ಣು, ಜಿಡ್ಡುಗಳನ್ನು ತೆಗೆಯಬೇಕು. ಚಕ್ರದ ಬಕೆಟ್ಟು, ಬಟ್ಟೆಗಳು ಬೇರೆಯೇ ಇರಬೇಕು. ಅದೇ ಬಟ್ಟೆಯಿಂದ ಬಾಗಿಲು ಒರೆಸಿದರೆ ಕಬ್ಬಿಣದ ಹರಳುಗಳು ಬಣ್ಣವನ್ನು ಗೀರುತ್ತವೆ.

ಇಷ್ಟಾದ ಮೇಲೆ ಉಳಿದದ್ದಕ್ಕೆ ಐರನ್ ರಿಮೂವರ್ ಬೇಕು. ಬಿಡಿಭಾಗದ ಅಂಗಡಿಯಲ್ಲಿ ಕೇಳುವಾಗ ಆಸಿಡ್ ಇಲ್ಲದ್ದು ಎಂದು ಒತ್ತಿ ಹೇಳಿ. ಇದರಲ್ಲಿ ಸಾಮಾನ್ಯವಾಗಿ ಇರುವುದು ಥಯೋಗ್ಲೈಕೋಲೇಟ್ ಎಂಬ ಗಂಧಕದ ಸಂಯುಕ್ತ, ಬ್ಯೂಟಿ ಪಾರ್ಲರ್‌ನಲ್ಲಿ ಕೂದಲು ಗುಂಗುರು ಮಾಡಲು ಬಳಸುವ ದ್ರವದ ಜಾತಿಯೇ, ಆದ್ದರಿಂದಲೇ ಆ ಕೆಟ್ಟ ವಾಸನೆ. ಕೈಗವಸು ಹಾಕಿಕೊಂಡು, ಗಾಳಿಯಾಡುವ ಕಡೆ ಸಿಂಪಡಿಸಿ. ಕಬ್ಬಿಣ ತಗುಲಿದಲ್ಲೆಲ್ಲ ದ್ರವವು ನೇರಳೆ ಬಣ್ಣಕ್ಕೆ ತಿರುಗಿ, ನೇರಳೆ ಹಣ್ಣು ಹಿಂಡಿದಂತೆ ಇಳಿಯತೊಡಗುತ್ತದೆ. ಮೊದಲ ಸಲ ನೋಡಿದಾಗ ನನಗೆ ಗಾಬರಿಯೇ ಆಗಿತ್ತು. 3ರಿಂದ 5 ನಿಮಿಷ ಬಿಟ್ಟು, ಒಣಗಲು ಬಿಡದೆ, ಕಡ್ಡಿಗಳ ಸಂದಿಯಲ್ಲಿ, ನಟ್ಟುಗಳ ಗುಳಿಯಲ್ಲಿ ಬ್ರಷ್ ಆಡಿಸಿ ಧಾರಾಳ ನೀರಿನಿಂದ ತೊಳೆಯಿರಿ. ಒಂದೇ ಸಲಕ್ಕೆ ಹೋಗದಿದ್ದರೆ ಮತ್ತೊಮ್ಮೆ ಸಿಂಪಡಿಸಿ, ಒತ್ತಿ ಉಜ್ಜಬೇಡಿ. ಡಿಸ್ಕಿನಿಂದಲೂ ನೇರಳೆ ಇಳಿಯುತ್ತದೆ; ಡಿಸ್ಕೂ ಕಬ್ಬಿಣವೇ ಆದ್ದರಿಂದ ಅದು ನಿಲ್ಲುವವರೆಗೆ ಕಾಯುತ್ತಾ ಕೂರಬೇಕಿಲ್ಲ. ತೊಳೆದ ನೀರು ಬಾವಿಯ ಕಡೆಗೆ ಹರಿಯದಂತೆ ಜಾಗ ನೋಡಿಕೊಳ್ಳಿ.

ಇದಕ್ಕೂ ಜಗ್ಗದ ಕರಿ ಚುಕ್ಕೆ ಬಹುಶಃ ಡಾಂಬರು. ಬಟ್ಟೆಯ ತುದಿಗೆ ಸ್ವಲ್ಪ ಸೀಮೆಎಣ್ಣೆ ಹಚ್ಚಿ, ಟಯರಿಗೆ ತಗುಲದಂತೆ ಒರೆಸಿ, ಕೂಡಲೇ ಶಾಂಪೂ ಹಾಕಿ ತೊಳೆದರೆ ಸಾಕು. ಅರಸೀಕೆರೆಯಂಥ ಬಯಲುಸೀಮೆಯ ಕಡೆ ಬೋರ್‌ವೆಲ್ಲಿನ ಗಡಸು ನೀರಿನಲ್ಲಿ ತೊಳೆಯುವವರು ಒಣಬಟ್ಟೆಯಿಂದ ತಕ್ಷಣ ಒರೆಸಬೇಕು, ಇಲ್ಲದಿದ್ದರೆ ಸುಣ್ಣದ ಚುಕ್ಕೆ ನಿಲ್ಲುತ್ತದೆ. ಸೂರಿನ ಮಳೆನೀರು ಹಿಡಿದಿಟ್ಟರೆ ಆ ತೊಂದರೆಯಿಲ್ಲ.

ರಿಮ್ಮಿನ ಒಳಮೈ ಕಣ್ಣಿಗೆ ಬೀಳದಿದ್ದರೂ ಹೆಚ್ಚು ಕಿಟ್ಟ ಇರುವುದು ಅಲ್ಲಿಯೇ. 10,000 ಕಿಲೋಮೀಟರಿಗೊಮ್ಮೆ ಟಯರುಗಳನ್ನು ಹಿಂದುಮುಂದು ಬದಲಿಸುವಾಗ ಚಕ್ರ ಹೇಗೂ ಕೆಳಗಿಳಿದಿರುತ್ತದೆ, ಅದನ್ನೂ ಆಗ ತೊಳೆದುಬಿಡಿ. ತೊಳೆಯುವ ಮೊದಲು ಎಡಬಲವನ್ನು ಹೋಲಿಸಿ ನೋಡುವುದನ್ನು ಮಾತ್ರ ಮರೆಯಬೇಡಿ. ಮುಂದಿನ ಎರಡರಲ್ಲಿ ಒಂದಕ್ಕೆ ಮಾತ್ರ ಬಹಳ ಕಪ್ಪು ಹಿಡಿದು, ಓಡಿಸಿ ಬಂದಾಗ ಅದೇ ಚಕ್ರ ಹೆಚ್ಚು ಬಿಸಿಯಾಗಿದ್ದರೆ ಅಲ್ಲಿ ಬ್ರೇಕ್ ಬಿಡದೆ ಹಿಡಿದುಕೊಂಡಿರುವ ಸಾಧ್ಯತೆಯಿದೆ. ಕಪ್ಪು ಜಿಡ್ಡಾಗಿದ್ದರೆ ಬ್ರೇಕ್ ಆಯಿಲ್ಲೋ ಗ್ರೀಸೋ ಸೋರುತ್ತಿರಬಹುದು. ಇಂಥದ್ದನ್ನು ಕಂಡರೆ ತೊಳೆಯುವುದನ್ನು ಬಿಟ್ಟು ಮೊದಲು ಮೆಕ್ಯಾನಿಕ್ ಬಳಿ ಹೋಗಿ. ನಮ್ಮ ಘಾಟಿಗಳಲ್ಲಿ ಬ್ರೇಕಿನ ವಿಷಯದಲ್ಲಿ ನಾಳೆ ಎನ್ನುವುದು ಬೇಡ.

ಶುಚಿಯಾಗಿ ಒಣಗಿದ ರಿಮ್ಮಿಗೆ ತೆಳ್ಳಗೆ ವ್ಯಾಕ್ಸ್ ಬಳಿದು ಒರೆಸಿಟ್ಟರೆ ಮುಂದಿನ ಕಿಟ್ಟ ಆಳಕ್ಕೆ ಕಚ್ಚುವುದಿಲ್ಲ, ಎರಡು ವಾರಕ್ಕೊಮ್ಮೆ ಬರಿಯ ಶಾಂಪೂ ಸಾಕಾಗುತ್ತದೆ. ಶಿರಾಡಿಯಲ್ಲಾಗಲಿ ಮುಳ್ಳಯ್ಯನಗಿರಿಯ ಇಳಿಜಾರಿನಲ್ಲಾಗಲಿ ಎರಡನೆಯ, ಮೂರನೆಯ ಗೇರಿನಲ್ಲಿ ಇಂಜಿನ್ನಿನ ಹಿಡಿತದಿಂದಲೇ ಇಳಿದು, ಬ್ರೇಕನ್ನು ತಿರುವಿಗಷ್ಟೇ ಬಳಸುವವರ ಚಕ್ರ ಅರ್ಧಕ್ಕರ್ಧ ಶುಚಿಯಾಗಿಯೇ ಇರುತ್ತದೆ, ಪ್ಯಾಡೂ ಹೆಚ್ಚು ಕಾಲ ಬಾಳುತ್ತದೆ. ತೊಳೆದು ಮುಗಿಸಿದ ಮೇಲೆ ಕಾರನ್ನು ಹಾಗೆಯೇ ಶೆಡ್ಡಿಗೆ ಹಾಕದೆ, ಖಾಲಿ ರಸ್ತೆಯಲ್ಲಿ ನಿಧಾನವಾಗಿ ಒಂದು ಸುತ್ತು ಓಡಿಸಿ, ನಾಲ್ಕಾರು ಬಾರಿ ಮೆಲ್ಲನೆ ಬ್ರೇಕ್ ಒತ್ತಿ ಒಣಗಿಸಿ. ಆ ರಾತ್ರಿ ಸಮತಟ್ಟಿನ ಜಾಗದಲ್ಲಿ ಹ್ಯಾಂಡ್‌ಬ್ರೇಕ್ ಎಳೆಯದೆ, ಗೇರಿನಲ್ಲಿ ನಿಲ್ಲಿಸಿ ಚಕ್ರಕ್ಕೆ ಕಲ್ಲು ಕೊಡಿ. ಒದ್ದೆಯಲ್ಲಿ ಎಳೆದಿಟ್ಟ ಬ್ರೇಕ್ ಬೆಳಗಾಗುವಷ್ಟರಲ್ಲಿ ತುಕ್ಕು ಹಿಡಿದು ಅಂಟಿಕೊಂಡಿರಬಹುದು.