ವಿದೇಶದಲ್ಲಿ ಆಡಿಬಂದ ಸ್ಟ್ರೈಕರ್‌ನ ಗೋಲಿನ ಲೆಕ್ಕ ಬರೆಯುವುದು ಹೇಗೆ

ಎರಡು ಮೂರು ದೇಶ ಸುತ್ತಿದ ಆಟಗಾರನ ಲೆಕ್ಕ ತಪ್ಪುವುದು ಸಾಮಾನ್ಯವಾಗಿ ಕೂಡಿಸುವಾಗಲ್ಲ, ಯಾವ ಪಂದ್ಯವನ್ನು ಯಾವ ಕಾಲಮ್ಮಿಗೆ ಹಾಕಬೇಕೆಂದು ತೀರ್ಮಾನಿಸುವಾಗ. ಭಾರತದ ಫುಟ್‌ಬಾಲ್ ಆಟಗಾರ ಸುನಿಲ್ ಛೆಟ್ರಿಯ ಪಟ್ಟಿಯನ್ನೇ ಮುಂದಿಟ್ಟುಕೊಳ್ಳಿ. ಬರಬಹುದಾದ ತೊಡಕೆಲ್ಲ ಹೆಚ್ಚುಕಡಿಮೆ ಅದರಲ್ಲೇ ಇವೆ.

ಆರು ಕಾಲಮ್ ಎಳೆಯಿರಿ: ಸೀಸನ್, ಕ್ಲಬ್, ಲೀಗ್, ಕಪ್, ಖಂಡಮಟ್ಟದ ಟೂರ್ನಿ, ಒಟ್ಟು. ಕೊನೆಯ ನಾಲ್ಕರಲ್ಲಿ ಪಂದ್ಯಗಳ ಸಂಖ್ಯೆಗೊಂದು, ಗೋಲುಗಳ ಸಂಖ್ಯೆಗೊಂದು ಮನೆ ಮಾಡಿ. ದೇಶದ ತಂಡದ ಗೋಲುಗಳಿಗೆ ಬೇರೆ ಹಾಳೆ. ಪೆನಾಲ್ಟಿ ಶೂಟೌಟ್‌ನಲ್ಲಿ ಹೊಡೆದದ್ದು ಎಲ್ಲಿಯೂ ಸೇರುವುದಿಲ್ಲ.

ಒಪ್ಪಂದವಾದ ಮಾತ್ರಕ್ಕೆ ಸಾಲು ಬರೆಯಬೇಡಿ. 2009ರಲ್ಲಿ ಛೆಟ್ರಿ ಲಂಡನ್‌ನ ಕ್ವೀನ್ಸ್ ಪಾರ್ಕ್ ರೇಂಜರ್ಸ್ ಜೊತೆ ಸಹಿ ಹಾಕಿದರೂ ಭಾರತ ಫಿಫಾ ರ‍್ಯಾಂಕಿಂಗ್‌ನ ಮೊದಲ 70ರಲ್ಲಿ ಇರಲಿಲ್ಲವೆಂದು ಕೆಲಸದ ಪರವಾನಗಿ ಸಿಗಲಿಲ್ಲ. ಅದು ಅಡಿಟಿಪ್ಪಣಿ ಅಷ್ಟೆ.

ಮರುವರ್ಷ ಸೇರಿದ ಅಮೆರಿಕದ ಕ್ಲಬ್ ಕಾನ್ಸಾಸ್ ಸಿಟಿ ವಿಝಾರ್ಡ್ಸ್ ಸಾಲಿನಲ್ಲಿ ಬಹಳ ಜನ ಎಡವುತ್ತಾರೆ. ಅಲ್ಲಿ ಲೀಗ್ ಮನೆಯಲ್ಲಿ 0 ಬರುತ್ತದೆ. ಹಾಗೆಂದು ಆಡಲೇ ಇಲ್ಲವೆಂದಲ್ಲ: ಯುಎಸ್ ಓಪನ್ ಕಪ್‌ನ ಅರ್ಹತಾ ಪಂದ್ಯದಲ್ಲಿ ಇಳಿದಿದ್ದರು, ಅದು ಕಪ್ ಕಾಲಮ್ಮಿಗೆ. ಆ ಜುಲೈಯಲ್ಲಿ ಮ್ಯಾಂಚೆಸ್ಟರ್ ಯುನೈಟೆಡ್ ವಿರುದ್ಧ ಬದಲಿಯಾಗಿ ಬಂದದ್ದು ಎಷ್ಟೇ ದೊಡ್ಡ ಸುದ್ದಿಯಾದರೂ ಕ್ಲಬ್ಬಿನ ಸ್ನೇಹಪಂದ್ಯ, ಪಟ್ಟಿಗೆ ಬರುವುದಿಲ್ಲ. (ದೇಶದ ತಂಡದ ಅಧಿಕೃತ ಸ್ನೇಹಪಂದ್ಯ ಮಾತ್ರ ಬರುತ್ತದೆ. ಗೊಂದಲ ಹುಟ್ಟುವುದೇ ಇಲ್ಲಿ.) ಕ್ಲಬ್ ಆ ಟೂರ್ನಿಯಲ್ಲೇ ಇರದಿದ್ದರೆ ಗೀಟು, ಕ್ಲಬ್ ಆಡಿ ಈತ ಆಡದಿದ್ದರೆ 0. ಎರಡನ್ನೂ ಬೆರೆಸಬೇಡಿ.

ಸೀಸನ್ನೂ ದೇಶಕ್ಕೊಂದು ಥರ. ಅಮೆರಿಕದ ಸಾಲಿಗೆ 2010 ಎಂದರೆ ಸಾಕು, ಪೋರ್ಚುಗಲ್‌ನದ್ದು 2012-13. ಅಲ್ಲಿ ಆಡಿದ್ದು ಸ್ಪೋರ್ಟಿಂಗ್‌ನ ಬಿ ತಂಡಕ್ಕೆ, ಎರಡನೇ ಹಂತದ ಲೀಗ್‌ನಲ್ಲಿ: 3 ಪಂದ್ಯ, ಗೋಲಿಲ್ಲ. 'ಬಿ' ಬಿಟ್ಟು ಬರೆದರೆ ಮೊದಲ ತಂಡಕ್ಕೆ ಆಡಿದಂತಾಗುತ್ತದೆ. ಅದೇ ಸೀಸನ್ನಿನಲ್ಲಿ ಎರವಲಿನ ಮೇಲೆ (ಮೂಲ ಕ್ಲಬ್ಬಿನ ಒಪ್ಪಂದ ಉಳಿಸಿಕೊಂಡೇ, ತಾತ್ಕಾಲಿಕವಾಗಿ) ಗೋವಾದ ಚರ್ಚಿಲ್ ಬ್ರದರ್ಸ್‌ಗೆ ಬಂದರು. ಅದಕ್ಕೆ ಪ್ರತ್ಯೇಕ ಸಾಲು, ಕ್ಲಬ್ಬಿನ ಹೆಸರಿನ ಮುಂದೆ 'ಎರವಲು'. ಬೆಂಗಳೂರು ಎಫ್‌ಸಿಯಲ್ಲಿದ್ದಾಗ ಮುಂಬೈ ಸಿಟಿಗೆ ಆಡಿದ್ದಕ್ಕೂ ಇದೇ ನಿಯಮ.

ಲೀಗ್‌ನ ಹೆಸರು ನೋಡಿ ಹಂತ ಊಹಿಸಬೇಡಿ. ಭಾರತದ ಇನ್ನೊಬ್ಬ ಸ್ಟ್ರೈಕರ್ ಬೈಚುಂಗ್ ಭುಟಿಯಾ 1999ರಲ್ಲಿ ಸೇರಿದ ಬ್ಯೂರಿ ಕ್ಲಬ್ ಆಡುತ್ತಿದ್ದದ್ದು ಇಂಗ್ಲೆಂಡಿನ 'ಸೆಕೆಂಡ್ ಡಿವಿಷನ್'ನಲ್ಲಿ. 1992ರಲ್ಲಿ ಪ್ರೀಮಿಯರ್ ಲೀಗ್ ಮೇಲೆ ಬಂದು ಕೂತಿದ್ದರಿಂದ ಅದು ನಿಜವಾಗಿ ಮೂರನೇ ಹಂತ.

ಇಬ್ಬರನ್ನು ಹೋಲಿಸಬೇಕಿದ್ದರೆ ಪಂದ್ಯಗಳ ಎಣಿಕೆ ನಂಬಬೇಡಿ, ಕೊನೆಯ ಐದು ನಿಮಿಷಕ್ಕೆ ಇಳಿದರೂ ಅದು ಒಂದು ಪಂದ್ಯವೇ. ಗೋಲನ್ನು 90ರಿಂದ ಗುಣಿಸಿ, ಆಡಿದ ನಿಮಿಷಗಳಿಂದ ಭಾಗಿಸಿ. 1,260 ನಿಮಿಷಕ್ಕೆ 9 ಗೋಲಾದರೆ 90 ನಿಮಿಷಕ್ಕೆ 0.64. ಅದರಲ್ಲಿ 3 ಪೆನಾಲ್ಟಿ ತೆಗೆದರೆ 0.43ಕ್ಕೆ ಇಳಿಯುತ್ತದೆ.

ಕೊನೆಗೆ ಅಡ್ಡಕ್ಕೂ ಉದ್ದಕ್ಕೂ ಕೂಡಿಸಿ. ತಾಳೆಯಾಗದಿದ್ದರೆ ಮೊದಲು ಎರವಲಿನ ಸಾಲು ಎರಡು ಸಲ ಸೇರಿದೆಯೇ ನೋಡಿ. ಪಟ್ಟಿಯ ಕೆಳಗೆ 'ಇಂಥ ದಿನಾಂಕದವರೆಗೆ' ಎಂದು ಬರೆಯಿರಿ, ವಿದಾಯ ಹೇಳಿದವರದ್ದಾದರೂ ಸರಿ: 2024ರ ಜೂನ್‌ನಲ್ಲಿ ದೇಶದ ತಂಡದ ಆಟವನ್ನು 94 ಗೋಲಿಗೆ ಮುಗಿಸಿದ ಛೆಟ್ರಿ 2025ರ ಮಾರ್ಚ್‌ನಲ್ಲಿ ಮರಳಿ ಬಂದು ಮಾಲ್ಡೀವ್ಸ್ ವಿರುದ್ಧ 95ನೆಯದನ್ನು ಹೊಡೆದರು.